ಮನೆಯಲ್ಲೇ ಕಟ್ಟಿದ ಫೋನೋ ಪ್ರಿಆಂಪ್‌ನಲ್ಲಿ ದೋಷ ಹುಡುಕುವ ಬಗೆ

ಫೋನೋ ಪ್ರಿಆಂಪ್ ಎಂದರೆ ಗ್ರಾಮಫೋನ್ ತಟ್ಟೆ ನುಡಿಸುವ ಟರ್ನ್‌ಟೇಬಲ್‌ನ ಕ್ಷೀಣ ಸಿಗ್ನಲನ್ನು ಆಂಪ್ಲಿಫೈಯರ್‌ಗೆ ಸಾಲುವಷ್ಟು ವರ್ಧಿಸುವ ಸರ್ಕ್ಯೂಟು. ಅದನ್ನು ಕಟ್ಟಲು ಹೆಚ್ಚಿನ ಬಿಡಿಭಾಗಗಳು ಬೇಕಾಗುವುದಿಲ್ಲ. ಕೈ ಪಳಗಿದವರು ಒಂದು ಸಂಜೆಯಲ್ಲಿ ಬೆಸುಗೆ ಮುಗಿಸುತ್ತಾರೆ. ಆದರೆ ಅದು ಮೊದಲ ಸಲಕ್ಕೇ ತೊಂದರೆಯಿಲ್ಲದೆ ಹಾಡುವುದು ಅಪರೂಪ. ಗುಂಯ್ ಎನ್ನುತ್ತಿರುತ್ತದೆ, ಇಲ್ಲವೇ ಒಂದು ಕಡೆಯ ಸ್ಪೀಕರ್‌ನಲ್ಲಿ ಸದ್ದೇ ಇರುವುದಿಲ್ಲ, ಇಲ್ಲವೇ ಹಾಡು ಕೇಳಿಸಿದರೂ ದನಿ ಸೊರಗಿರುತ್ತದೆ. ಆಗ ಹೆಚ್ಚಿನವರು ಐಸಿ ಬದಲಿಸುತ್ತಾರೆ, ಕೆಪಾಸಿಟರ್ ಬದಲಿಸುತ್ತಾರೆ, ಕೊನೆಗೆ ಬೋರ್ಡಿನ ತಾಮ್ರದ ಪಟ್ಟಿ ಕಿತ್ತುಬರುವ ತನಕ ಬೆಸುಗೆ ಬಿಚ್ಚಿ ಹಾಕುತ್ತಾರೆ. ಈ ಕೈಪಿಡಿ ಒತ್ತಾಯಿಸುವುದು ಒಂದನ್ನೇ: ದೋಷ ಎಲ್ಲಿದೆ ಎಂಬುದು ಖಚಿತವಾಗುವವರೆಗೆ ಸೋಲ್ಡರಿಂಗ್ ಐರನ್ ಬಿಸಿ ಮಾಡಬಾರದು. ಅದನ್ನು ಖಚಿತಪಡಿಸಿಕೊಳ್ಳಲು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಎರಡು ಆರ್‌ಸಿಎ ಪ್ಲಗ್ಗು (ಆಡಿಯೋ ಕೇಬಲ್‌ನ ತುದಿಯಲ್ಲಿರುವಂಥವು) ಮತ್ತು ಸ್ವಲ್ಪ ತಾಳ್ಮೆ ಸಾಕು.

ಈ ಸರ್ಕ್ಯೂಟು ಇಷ್ಟು ಸೂಕ್ಷ್ಮವಾಗಿರುವುದೇಕೆ

ಎಲ್‌ಪಿ ತಟ್ಟೆ ಕೊರೆಯುವಾಗ ತಗ್ಗಿನ ಸ್ವರಗಳನ್ನು ಕುಗ್ಗಿಸಿ, ಮೇಲಿನ ಸ್ವರಗಳನ್ನು ಹಿಗ್ಗಿಸಿ ಕೊರೆಯುತ್ತಾರೆ. ಹಾಗೆ ಮಾಡದಿದ್ದರೆ ತಗ್ಗಿನ ಸ್ವರಗಳ ಅಗಲವಾದ ಗೆರೆಗಳು ಪಕ್ಕದ ಗೆರೆಗಳಿಗೆ ನುಗ್ಗುತ್ತವೆ, ಮೇಲಿನ ಸ್ವರಗಳು ತಟ್ಟೆಯ ಮೇಲ್ಮೈಯ ಸುಯ್ ಸದ್ದಿನಲ್ಲಿ ಮುಳುಗುತ್ತವೆ. ನುಡಿಸುವಾಗ ಪ್ರಿಆಂಪ್ ಇದನ್ನು ತಿರುವು ಮುರುವು ಮಾಡಿ ಸಮ ಮಾಡಬೇಕು. ಇದಕ್ಕೆ 1954ರಲ್ಲಿ ಒಪ್ಪಿತವಾದ ಆರ್‌ಐಎಎ (ಅಮೆರಿಕದ ರೆಕಾರ್ಡ್ ಉದ್ಯಮ ಸಂಘ) ಅಳತೆಯಲ್ಲಿ 3180, 318 ಮತ್ತು 75 ಮೈಕ್ರೋಸೆಕೆಂಡುಗಳ, ವರ್ಧನೆ ಎಲ್ಲೆಲ್ಲಿ ತಿರುಗಬೇಕೆಂದು ಗೊತ್ತು ಮಾಡುವ ಮೂರು ಕಾಲಸ್ಥಿರಾಂಕಗಳಿವೆ. ಇವು ಸುಮಾರು 50, 500 ಮತ್ತು 2122 ಹರ್ಟ್ಸ್‌ಗೆ ಸಮ. 1000 ಹರ್ಟ್ಸ್‌ಗೆ ಹೋಲಿಸಿದರೆ 20 ಹರ್ಟ್ಸ್‌ನಲ್ಲಿ 19.3 ಡೆಸಿಬಲ್ ಹೆಚ್ಚು, 20,000 ಹರ್ಟ್ಸ್‌ನಲ್ಲಿ 19.6 ಡೆಸಿಬಲ್ ಕಡಿಮೆ ವರ್ಧನೆ ಇರಬೇಕು.

ನಮ್ಮ ಮನೆಯ ಕರೆಂಟಿನ 50 ಹರ್ಟ್ಸ್ ಬಂದು ಕೂರುವುದು ಈ ಏರಿನ ತುದಿಯ ಹತ್ತಿರವೇ. 1000 ಹರ್ಟ್ಸ್‌ನಲ್ಲಿ ನೂರು ಪಟ್ಟು ವರ್ಧಿಸುವ ಪ್ರಿಆಂಪ್ 50 ಹರ್ಟ್ಸ್‌ನಲ್ಲಿ ಏಳುನೂರು ಪಟ್ಟು ವರ್ಧಿಸುತ್ತದೆ. ಸೂಜಿಯ ಕಂಪನವನ್ನು ವಿದ್ಯುತ್ತಾಗಿಸುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದೇ ಮೂರರಿಂದ ಐದು ಮಿಲಿವೋಲ್ಟ್. ಅದರ ಜೊತೆಗೆ ಕೆಲವೇ ಮೈಕ್ರೋವೋಲ್ಟ್ ಗುಂಗು ಸೇರಿದರೂ ಸ್ಪೀಕರ್‌ನಲ್ಲಿ ಅದು ತಾನಪೂರದಂತೆ ಹಾಡಿನುದ್ದಕ್ಕೂ ನಿಲ್ಲುತ್ತದೆ. ಬೇರೆ ಯಾವ ಆಂಪ್ಲಿಫೈಯರ್‌ನಲ್ಲೂ ಲೆಕ್ಕಕ್ಕೆ ಬಾರದ ತಪ್ಪು ಇಲ್ಲಿ ಎದ್ದು ಕಾಣುವುದು ಈ ಕಾರಣದಿಂದ.

ಮಾದರಿಗೆ ಇಟ್ಟುಕೊಂಡ ಸರ್ಕ್ಯೂಟು

ಮುಂದಿನ ಅಳತೆಗಳೆಲ್ಲ ನಾನು ಹಲವು ಬಾರಿ ಕಟ್ಟಿರುವ ಒಂದು ಸರಳ ಮಾದರಿಗೆ ಸಂಬಂಧಿಸಿದವು. ಎರಡೂ ಚಾನೆಲ್‌ಗಳಿಗೆ ಸೇರಿ ಒಂದು ಎನ್‌ಇ5532 ಐಸಿ. ಇನ್‌ಪುಟ್‌ನಲ್ಲಿ 47 ಕಿಲೋಓಮ್ ರೆಸಿಸ್ಟರ್ ಗ್ರೌಂಡಿಗೆ. ಫೀಡ್‌ಬ್ಯಾಕ್ ಹಾದಿಯಲ್ಲಿ 100 ಕಿಲೋಓಮ್‌ಗೆ ಸಮಾಂತರವಾಗಿ 32 ನ್ಯಾನೋಫ್ಯಾರಡ್ (22 ಮತ್ತು 10 ಸೇರಿಸಿ), ಅದರೊಂದಿಗೆ ಸರಣಿಯಲ್ಲಿ 8.47 ಕಿಲೋಓಮ್‌ಗೆ (8.2 ಕಿಲೋಓಮ್ ಮತ್ತು 270 ಓಮ್) ಸಮಾಂತರವಾಗಿ 8.88 ನ್ಯಾನೋಫ್ಯಾರಡ್ (8.2 ನ್ಯಾನೋ ಮತ್ತು 680 ಪೈಕೋ). ಇನ್ವರ್ಟಿಂಗ್ ಕಾಲಿನಿಂದ ಗ್ರೌಂಡಿಗೆ 100 ಓಮ್ ಮತ್ತು ಅದರ ಸರಣಿಯಲ್ಲಿ 470 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್. ಔಟ್‌ಪುಟ್‌ನಲ್ಲಿ ಒಂದು ಕಪ್ಲಿಂಗ್ ಕೆಪಾಸಿಟರ್ ಮತ್ತು 100 ಓಮ್ ಸರಣಿ ರೆಸಿಸ್ಟರ್. ವರ್ಧನೆ 1000 ಹರ್ಟ್ಸ್‌ನಲ್ಲಿ ಸುಮಾರು 110 ಪಟ್ಟು. ಪವರ್ ಸಪ್ಲೈಗೆ +12 ಮತ್ತು −12 ವೋಲ್ಟನ್ನು ಸ್ಥಿರವಾಗಿಡುವ 7812 ಮತ್ತು 7912 ರೆಗ್ಯುಲೇಟರ್‌ಗಳು. ನಿಮ್ಮ ಸರ್ಕ್ಯೂಟು ಬೇರೆಯಾಗಿದ್ದರೆ ಅಂಕಿಗಳು ಬದಲಾಗುತ್ತವೆ, ಹುಡುಕುವ ಕ್ರಮ ಬದಲಾಗುವುದಿಲ್ಲ.

ಮೊದಲು ಪ್ರಿಆಂಪ್‌ನ ಹೊರಗೆ ನೋಡಿ

ಇತ್ತೀಚೆಗೆ ಬರುವ ಅನೇಕ ಟರ್ನ್‌ಟೇಬಲ್‌ಗಳ ಒಳಗೇ ಒಂದು ಪ್ರಿಆಂಪ್ ಇರುತ್ತದೆ. ಹಿಂಬದಿಯಲ್ಲಿ ‘ಫೋನೋ’ ಮತ್ತು ‘ಲೈನ್’ ಎಂಬ ಸಣ್ಣ ಸ್ವಿಚ್ಚು ಇರುತ್ತದೆ. ಅದು ‘ಲೈನ್’ ಕಡೆಗಿದ್ದು ನೀವು ಕಟ್ಟಿದ ಪ್ರಿಆಂಪ್‌ಗೂ ಜೋಡಿಸಿದ್ದರೆ ಎರಡೆರಡು ಬಾರಿ ಸಮೀಕರಣವಾಗಿ ದನಿ ಒಡೆದು, ತಗ್ಗಿನ ಸ್ವರಗಳು ಡಬ್ಬದೊಳಗೆ ಬಡಿದಂತೆ ಕೇಳಿಸುತ್ತವೆ. ಇದರ ವಿರುದ್ಧವೂ ಉಂಟು: ಪ್ರಿಆಂಪ್ ಇಲ್ಲದೆ ನೇರವಾಗಿ ಆಂಪ್ಲಿಫೈಯರ್‌ನ ಆಕ್ಸ್ ಇನ್‌ಪುಟ್‌ಗೆ ಜೋಡಿಸಿದರೆ ತೆಳ್ಳಗಿನ, ಕ್ಷೀಣ ಸದ್ದು ಬರುತ್ತದೆ. ಹಾಗೆಯೇ 1954ಕ್ಕೂ ಹಿಂದಿನ 78 ಆರ್‌ಪಿಎಂ ತಟ್ಟೆಗಳು ಆರ್‌ಐಎಎ ಅಳತೆಯಲ್ಲಿ ಕೊರೆದವಲ್ಲ, ಅವುಗಳಿಗೆ ದಪ್ಪ ತುದಿಯ ಸೂಜಿಯೂ ಬೇಕು. ಅಂಥ ತಟ್ಟೆಯ ದನಿ ಸರಿಯಿಲ್ಲವೆಂದು ಸರ್ಕ್ಯೂಟನ್ನು ದೂರಬಾರದು.

ನಂತರ ಅದಲು ಬದಲು ಪರೀಕ್ಷೆ. ಎಡ ಚಾನೆಲ್ ಸತ್ತಿದ್ದರೆ, ಆಂಪ್ಲಿಫೈಯರ್‌ನ ವಾಲ್ಯೂಮ್ ಪೂರ್ತಿ ಇಳಿಸಿ, ಪ್ರಿಆಂಪ್‌ನ ಇನ್‌ಪುಟ್‌ನಲ್ಲಿ ಎಡ ಬಲ ಪ್ಲಗ್ಗುಗಳನ್ನು ಅದಲು ಬದಲು ಮಾಡಿ. ಮೌನವು ಬಲಕ್ಕೆ ಹೋದರೆ ದೋಷವಿರುವುದು ಕಾರ್ಟ್ರಿಜ್, ಅದನ್ನು ಹಿಡಿದಿರುವ ತೋಳಿನ ತಂತಿ ಅಥವಾ ಕೇಬಲ್‌ನಲ್ಲಿ. ಎಡದಲ್ಲೇ ಉಳಿದರೆ ಇನ್‌ಪುಟ್ ಮೊದಲಿನಂತೆ ಜೋಡಿಸಿ, ಔಟ್‌ಪುಟ್‌ನಲ್ಲಿ ಹೀಗೆಯೇ ಮಾಡಿ. ಆಗ ಪ್ರಿಆಂಪ್ ಮತ್ತು ಆಂಪ್ಲಿಫೈಯರ್‌ಗಳ ನಡುವೆ ತೀರ್ಮಾನವಾಗುತ್ತದೆ. ಎರಡು ನಿಮಿಷದ ಈ ಕೆಲಸವು ನನ್ನ ಅನುಭವದಲ್ಲಿ ಎಷ್ಟೋ ಬೋರ್ಡುಗಳನ್ನು ಅನಗತ್ಯ ಬೆಸುಗೆಯಿಂದ ಉಳಿಸಿದೆ.

ದೋಷ ಕಾರ್ಟ್ರಿಜ್ ಕಡೆಗಿದ್ದರೆ ಹಿಂಬದಿಯ ನಾಲ್ಕು ಪಿನ್‌ಗಳನ್ನು ನೋಡಿ: ಬಿಳಿ ಎಡದ ಸಿಗ್ನಲ್, ನೀಲಿ ಎಡದ ಗ್ರೌಂಡ್, ಕೆಂಪು ಬಲದ ಸಿಗ್ನಲ್, ಹಸಿರು ಬಲದ ಗ್ರೌಂಡ್. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನ ಒಂದೊಂದು ಸುರುಳಿ ಸಾಮಾನ್ಯವಾಗಿ ಕೆಲವು ನೂರರಿಂದ ಸಾವಿರದಷ್ಟು ಓಮ್ ತೋರಿಸುತ್ತದೆ, ಮತ್ತು ಎರಡೂ ಹೆಚ್ಚು ಕಡಿಮೆ ಸಮನಾಗಿರಬೇಕು. ಮೂವಿಂಗ್ ಕಾಯಿಲ್ ಕಾರ್ಟ್ರಿಜ್‌ಗಳ ಮೇಲೆ ಈ ಪರೀಕ್ಷೆ ಬೇಡ. ಅವುಗಳ ಕೂದಲಿನಂಥ ಸುರುಳಿಗೆ ಮೀಟರ್ ಹಾಯಿಸುವ ಕರೆಂಟು ಒಳ್ಳೆಯದಲ್ಲ.

ಗುಂಗು

ಹೆಚ್ಚಿನವರನ್ನು ಕಾಡುವುದು ಇದೇ ಆದ್ದರಿಂದ ಇಲ್ಲಿ ಸಾವಕಾಶವಾಗಿ ಹೋಗೋಣ. ಎರಡು ಆರ್‌ಸಿಎ ಪ್ಲಗ್ಗು ತೆಗೆದುಕೊಂಡು ನಡುವಿನ ಪಿನ್ನನ್ನು ಹೊರಗಿನ ಕವಚಕ್ಕೆ ಬೆಸೆಯಿರಿ. ಟರ್ನ್‌ಟೇಬಲ್ ಕಳಚಿ ಈ ಶಾರ್ಟಿಂಗ್ ಪ್ಲಗ್ಗುಗಳನ್ನು ಪ್ರಿಆಂಪ್‌ನ ಇನ್‌ಪುಟ್‌ಗೆ ಹಾಕಿ. ಗುಂಗು ಪೂರ್ತಿ ನಿಂತರೆ ಪ್ರಿಆಂಪ್ ನಿರ್ದೋಷಿ, ಹುಡುಕಬೇಕಾದದ್ದು ಟರ್ನ್‌ಟೇಬಲ್ ಕಡೆ. ನಿಲ್ಲದಿದ್ದರೆ ಪೆಟ್ಟಿಗೆಯೊಳಗೇ ತೊಂದರೆಯಿದೆ. ಏನನ್ನೂ ಜೋಡಿಸದೆ ಇನ್‌ಪುಟ್ ತೆರೆದಿಟ್ಟು ಕೇಳಿ ನಿರ್ಧಾರಕ್ಕೆ ಬರಬಾರದು. ತೆರೆದ ಇನ್‌ಪುಟ್ ಸುತ್ತಲಿನ ತಂತಿಗಳ ಗುಂಗನ್ನೆಲ್ಲ ಹೀರುತ್ತದೆ. ಮೇಲಾಗಿ 47 ಕಿಲೋಓಮ್ ರೆಸಿಸ್ಟರ್ ತನ್ನ ಉಷ್ಣದಿಂದಲೇ ಸುಯ್ ಎನ್ನುತ್ತದೆ. ಕಾರ್ಟ್ರಿಜ್ ಜೋಡಿಸಿದರೆ ಅವು ಬಹುಪಾಲು ಅಡಗುತ್ತವೆ, ಅದು ದೋಷವಲ್ಲ.

ಟರ್ನ್‌ಟೇಬಲ್ ಕಡೆ ಮೊದಲ ಅನುಮಾನ ತೋಳಿನ ಗ್ರೌಂಡ್ ತಂತಿಯ ಮೇಲೆ. ಕವೆಯಾಕಾರದ ತುದಿಯ ಆ ತೆಳು ತಂತಿ ಪ್ರಿಆಂಪ್‌ನ ಗ್ರೌಂಡ್ ಸ್ಕ್ರೂಗೆ ಬಿಗಿಯಾಗಿ ಕೂರಬೇಕು. ತೋಳನ್ನು ಬೆರಳಿಂದ ಮುಟ್ಟಿದಾಗ ಗುಂಗು ಹೆಚ್ಚುವುದೋ ಕಡಿಮೆಯಾಗುವುದೋ ಆದರೆ ಆ ತಂತಿ ಎಲ್ಲೋ ತುಂಡಾಗಿದೆ. ಸೂಜಿಯನ್ನು ತಟ್ಟೆಗೆ ಇಳಿಸದೆ ತೋಳನ್ನು ಹೊರಗಿನಿಂದ ನಡುವಿನ ಗೂಟದ ಕಡೆಗೆ ಕೈಯಿಂದ ಒಯ್ದಾಗ ಗುಂಗು ಏರುತ್ತಾ ಹೋದರೆ, ಕಾರ್ಟ್ರಿಜ್ ಮೋಟರಿನ ಕಾಂತಕ್ಷೇತ್ರವನ್ನು ಹಿಡಿಯುತ್ತಿದೆ. ಅದಕ್ಕೆ ಸರ್ಕ್ಯೂಟಿನಲ್ಲಿ ಮದ್ದಿಲ್ಲ. ಕವಚವಿರುವ ಬೇರೆ ಕಾರ್ಟ್ರಿಜ್ ಬೇಕಾಗುತ್ತದೆ.

ಪೆಟ್ಟಿಗೆಯೊಳಗಿನ ಗುಂಗಿನ ಸ್ವರವನ್ನು ಕಿವಿಗೊಟ್ಟು ಆಲಿಸಿ. ಮೃದುವಾದ, ಆಳವಾದ 50 ಹರ್ಟ್ಸ್ ಆಗಿದ್ದರೆ ಸಾಮಾನ್ಯವಾಗಿ ಅದು ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ. ಜೀರುಂಡೆಯಂತೆ ಒರಟಾಗಿ, ಒಂದು ಸ್ಥಾಯಿ ಮೇಲೆ 100 ಹರ್ಟ್ಸ್‌ನಲ್ಲಿ ಝೇಂಕರಿಸಿದರೆ ರೆಕ್ಟಿಫೈಯರ್‌ನ ಏರಿಳಿತ ಸೋರುತ್ತಿದೆ, ಅಥವಾ ಫಿಲ್ಟರ್ ಕೆಪಾಸಿಟರ್ ತುಂಬುವಾಗಿನ ಕರೆಂಟು ಸಿಗ್ನಲ್ ಗ್ರೌಂಡಿನ ತಂತಿಯಲ್ಲೇ ಹರಿಯುತ್ತಿದೆ. ಮೊದಲನೆಯದನ್ನು ಪತ್ತೆ ಮಾಡುವುದು ಸುಲಭ: ಕರೆಂಟು ಬಂದ್ ಮಾಡಿ ಟ್ರಾನ್ಸ್‌ಫಾರ್ಮರ್ ಬಿಚ್ಚಿ, ತಂತಿ ಉದ್ದ ಮಾಡಿ, ಕೀಲುಗಳನ್ನೆಲ್ಲ ಚೆನ್ನಾಗಿ ಮುಚ್ಚಿ, ಅರ್ಧ ಮೀಟರ್ ದೂರವಿಟ್ಟು ಮತ್ತೆ ಕೇಳಿ. ಗುಂಗು ಹೋದರೆ ಟ್ರಾನ್ಸ್‌ಫಾರ್ಮರ್‌ಗೆ ಬೇರೆ ಪೆಟ್ಟಿಗೆಯೇ ಸರಿ. ಒಂದೇ ಪೆಟ್ಟಿಗೆಯಲ್ಲಿ ಎಲ್ಲವನ್ನೂ ಕೂರಿಸುವ ಅಂದಕ್ಕಿಂತ ಮೌನ ದೊಡ್ಡದೆಂಬುದು ನನ್ನ ಖಚಿತ ಅಭಿಪ್ರಾಯ. ಎರಡನೆಯದಕ್ಕೆ, ಫಿಲ್ಟರ್ ಕೆಪಾಸಿಟರ್‌ಗಳ ನಡುಬಿಂದುವಿನಿಂದ ಒಂದೇ ಒಂದು ತಂತಿ ಪ್ರಿಆಂಪ್ ಬೋರ್ಡಿನ ಗ್ರೌಂಡಿಗೆ ಹೋಗಬೇಕು, ಟ್ರಾನ್ಸ್‌ಫಾರ್ಮರ್‌ನ ಸೆಂಟರ್ ಟ್ಯಾಪ್ ತಂತಿ ಬೋರ್ಡಿನ ಹತ್ತಿರವೂ ಸುಳಿಯಬಾರದು.

ಆರ್‌ಸಿಎ ಸಾಕೆಟ್‌ಗಳು ಲೋಹದ ಪೆಟ್ಟಿಗೆಯನ್ನು ನೇರವಾಗಿ ಮುಟ್ಟುತ್ತಿದ್ದರೆ ಗ್ರೌಂಡು ಹಲವು ಹಾದಿಗಳಲ್ಲಿ ಸುತ್ತಿ ಬಳಸಿ ಕುಣಿಕೆಯಾಗುತ್ತದೆ. ಸಾಕೆಟ್‌ಗೆ ಪ್ಲಾಸ್ಟಿಕ್ ವಾಷರ್ ಹಾಕಿ, ಸಿಗ್ನಲ್ ಗ್ರೌಂಡನ್ನು ಒಂದೇ ಜಾಗದಲ್ಲಿ ಪೆಟ್ಟಿಗೆಗೆ ಜೋಡಿಸಿ. ಆಂಪ್ಲಿಫೈಯರ್‌ಗೂ ಅರ್ಥಿಂಗ್ ಇದ್ದು ಗುಂಗು ಉಳಿದರೆ ಆ ಜಾಗದಲ್ಲಿ 10 ಓಮ್ ರೆಸಿಸ್ಟರ್ ಮತ್ತು ಅದಕ್ಕೆ ಸಮಾಂತರವಾಗಿ ಎದುರು ಬದುರಾಗಿ ಎರಡು ದಪ್ಪ ಡಯೋಡ್ ಹಾಕಬಹುದು. ಆದರೆ ಲೋಹದ ಪೆಟ್ಟಿಗೆಯು ತ್ರೀ ಪಿನ್ ಪ್ಲಗ್ಗಿನ ಅರ್ಥ್ ಪಿನ್ನಿಗೆ ನೇರವಾಗಿ ಜೋಡಣೆಯಾಗಿಯೇ ಇರಬೇಕು. ಗುಂಗು ನಿಲ್ಲುತ್ತದೆಂದು ಅರ್ಥ್ ಪಿನ್ ಕತ್ತರಿಸುವವರನ್ನು ನಾನು ಕಂಡಿದ್ದೇನೆ. ಹಾಗೆ ಮಾಡಿದ ಮೇಲೆ ಎಂದಾದರೂ ಟ್ರಾನ್ಸ್‌ಫಾರ್ಮರ್‌ನ ಇನ್ಸುಲೇಷನ್ ಸೋತರೆ ಪೆಟ್ಟಿಗೆಗೂ ಟರ್ನ್‌ಟೇಬಲ್ ತೋಳಿಗೂ 230 ವೋಲ್ಟ್ ಬರುತ್ತದೆ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ.

ಸಂಜೆಯ ಗುಂಗು

ಒಂದು ಪ್ರಕರಣವನ್ನು ವಿವರವಾಗಿ ಹೇಳಬೇಕು. ತುಮಕೂರು ಜಿಲ್ಲೆಯ ಹಳ್ಳಿಯಲ್ಲಿರುವ ನಮ್ಮ ತಂದೆಯವರಿಗಾಗಿ ಈ ಪ್ರಿಆಂಪನ್ನು ಬೆಂಗಳೂರಿನಲ್ಲಿ ಕಟ್ಟಿ, ವಾರವಿಡೀ ಕೇಳಿ, ಒಯ್ದು ಕೊಟ್ಟಿದ್ದೆ. “ಹಗಲು ಚೆನ್ನಾಗೇ ಹಾಡುತ್ತಪ್ಪಾ, ದೀಪ ಹಚ್ಚೋ ಹೊತ್ತಿಗೆ ಗುಂಯ್ ಅಂತ ಶುರು ಮಾಡುತ್ತೆ” ಎಂದು ಅವರು ಫೋನಿನಲ್ಲಿ ಹೇಳಿದಾಗ ನಾನು ಕೇಬಲ್ ಸಡಿಲವಾಗಿರಬೇಕೆಂದುಕೊಂಡೆ. ಊರಿಗೆ ಹೋದಾಗಲೆಲ್ಲ ಹಗಲು ಹೊತ್ತಿನಲ್ಲೇ ಪರೀಕ್ಷಿಸುತ್ತಿದ್ದರಿಂದ ದೋಷ ನನಗೆ ಸಿಗಲೇ ಇಲ್ಲ. ಕೇಬಲ್ ಬದಲಿಸಿದೆ, ಐಸಿ ಬದಲಿಸಿದೆ. ಕೊನೆಗೆ ಒಂದು ಸಂಜೆ ಏಳು ಗಂಟೆಗೆ ಮಲ್ಟಿಮೀಟರ್ ಹಿಡಿದು ಕುಳಿತೆ. ಹಗಲು 225 ವೋಲ್ಟ್ ಇದ್ದ ಮನೆಯ ಕರೆಂಟು ಪಂಪ್‌ಸೆಟ್‌ಗಳೆಲ್ಲ ಚಾಲೂ ಆದ ಮೇಲೆ 185ಕ್ಕೆ ಇಳಿದಿತ್ತು. ಹಗಲು 16.5 ವೋಲ್ಟ್ ಇದ್ದ 7812ರ ಇನ್‌ಪುಟ್ ಆಗ 13.4.

7812 ತನ್ನ ಕೆಲಸ ಮಾಡಬೇಕಾದರೆ ಇನ್‌ಪುಟ್ ಔಟ್‌ಪುಟ್‌ಗಿಂತ ಕನಿಷ್ಠ ಎರಡು ವೋಲ್ಟ್ ಹೆಚ್ಚಿರಬೇಕು, ಅಂದರೆ ಏರಿಳಿತದ ತಗ್ಗಿನಲ್ಲೂ 14 ವೋಲ್ಟ್ ಉಳಿಯಬೇಕು. ಅದು ತಪ್ಪಿದ ಕ್ಷಣದಿಂದ ರೆಗ್ಯುಲೇಟರ್ ಬರಿಯ ತಂತಿಯಂತಾಗಿ 100 ಹರ್ಟ್ಸ್‌ನ ಏರಿಳಿತವನ್ನೆಲ್ಲ ಐಸಿಗೆ ಬಿಟ್ಟುಕೊಡುತ್ತದೆ. 12-0-12 ಟ್ರಾನ್ಸ್‌ಫಾರ್ಮರ್ ನಗರದ ಕರೆಂಟಿಗೆ ಸಾಲುತ್ತಿತ್ತು, ಹಳ್ಳಿಯ ಸಂಜೆಗೆ ಸಾಲಲಿಲ್ಲ. 15-0-15 ಹಾಕಿದ ಮೇಲೆ ಅದೇ ಸಂಜೆಯ ಹೊತ್ತಿನಲ್ಲಿ 17 ವೋಲ್ಟ್ ಸಿಕ್ಕಿತು, ಗುಂಗು ಹೋಯಿತು. ಹೊತ್ತಿಗೆ ಸರಿಯಾಗಿ ಬರುವ ದೋಷವನ್ನು ಅದೇ ಹೊತ್ತಿನಲ್ಲಿ ಅಳೆಯಬೇಕೆಂಬುದನ್ನು ಅಂದಿನಿಂದ ನಾನು ತಪ್ಪಿಸಿಲ್ಲ. ಮೀಟರನ್ನು ಎಸಿ ಮಿಲಿವೋಲ್ಟ್‌ನಲ್ಲಿಟ್ಟು ರೆಗ್ಯುಲೇಟರ್ ಔಟ್‌ಪುಟ್ ಅಳೆದರೆ ಒಂದೆರಡು ಮಿಲಿವೋಲ್ಟ್‌ಗಿಂತ ಹೆಚ್ಚು ಕಾಣಬಾರದು.

ಸದ್ದೇ ಇಲ್ಲ, ಅಥವಾ ದನಿ ಒಡೆದಿದೆ

ಐಸಿಯನ್ನು ಸಾಕೆಟ್‌ನಿಂದ ತೆಗೆದಿಟ್ಟು ಮೊದಲು ಸಪ್ಲೈ ಅಳೆಯಿರಿ: ಎಂಟನೇ ಕಾಲಿನಲ್ಲಿ +12, ನಾಲ್ಕನೇ ಕಾಲಿನಲ್ಲಿ −12. ಋಣ ಸಪ್ಲೈ ಸರಿಯಿಲ್ಲದಿದ್ದರೆ ಹತ್ತರಲ್ಲಿ ಎಂಟು ಬಾರಿ ಕಾರಣ 7912ರ ಕಾಲುಗಳ ಕ್ರಮ. ಅಕ್ಷರ ನಮ್ಮ ಕಡೆಗಿರುವಂತೆ ಹಿಡಿದರೆ 7812ರ ಕಾಲುಗಳು ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7912ರವು ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ನೋಡಲು ಅವಳಿಗಳಂತಿರುವ ಇವನ್ನು ಒಂದೇ ರೀತಿ ಬೆಸೆಯುವುದು ತೀರಾ ಸಹಜ. ಇನ್ನೊಂದು ಅಪಾಯ, 7912ರ ಲೋಹದ ಬೆನ್ನು ಗ್ರೌಂಡ್ ಅಲ್ಲ, ಅದು ಇನ್‌ಪುಟ್. ಮೈಕಾ ಹಾಳೆಯಿಲ್ಲದೆ ಪೆಟ್ಟಿಗೆಗೆ ಬೋಲ್ಟ್ ಮಾಡಿದರೆ ನೇರ ಶಾರ್ಟ್.

ಸಪ್ಲೈ ಸರಿಯಿದ್ದರೆ ಐಸಿ ಕೂರಿಸಿ ಒಂದನೇ ಮತ್ತು ಏಳನೇ ಕಾಲುಗಳಲ್ಲಿ ಡಿಸಿ ಅಳೆಯಿರಿ. ಕೆಲವು ಹತ್ತು ಮಿಲಿವೋಲ್ಟ್ ಇದ್ದರೆ ಆರೋಗ್ಯವಾಗಿದೆ. ಹತ್ತು ವೋಲ್ಟಿನ ಸುಮಾರಿಗೆ ಹೋಗಿ ಅಂಟಿಕೊಂಡಿದ್ದರೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಶಾರ್ಟ್ ಆಗಿದೆ ಅಥವಾ ಬೆಸೆಯುವಾಗ ಅದರ ಜಾಗದಲ್ಲಿ ತಂತಿ ಹಾಕಲಾಗಿದೆ. ಲೆಕ್ಕ ಹೀಗೆ: ಎನ್‌ಇ5532ರ ಇನ್‌ಪುಟ್ ಕಾಲು ಸುಮಾರು 200 ನ್ಯಾನೋಆಂಪಿಯರ್ ಎಳೆಯುತ್ತದೆ, 47 ಕಿಲೋಓಮ್‌ನಲ್ಲಿ ಅದು 9.4 ಮಿಲಿವೋಲ್ಟ್. ಆ ಕೆಪಾಸಿಟರ್ ಇದ್ದಾಗ ಡಿಸಿಗೆ ವರ್ಧನೆ ಒಂದೇ ಪಟ್ಟು, ಇಲ್ಲದಿದ್ದಾಗ ಸಾವಿರಕ್ಕೂ ಹೆಚ್ಚು, ಆದ್ದರಿಂದ ಔಟ್‌ಪುಟ್ ನೇರ ಸಪ್ಲೈಗೆ ಹೋಗಿ ಬಡಿಯುತ್ತದೆ. ಇದರಲ್ಲಿ ದಾರಿ ತಪ್ಪಿಸುವ ಒಂದು ಅಂಶವಿದೆ. ಕಾರ್ಟ್ರಿಜ್ ನೇರವಾಗಿ ಜೋಡಿಸಿರುವ ಸರ್ಕ್ಯೂಟಿನಲ್ಲಿ ಆ ಕರೆಂಟು 47 ಕಿಲೋಓಮ್‌ನ ಬದಲು ಕಾರ್ಟ್ರಿಜ್‌ನ ಕೆಲವು ನೂರು ಓಮ್ ಮೂಲಕ ಹರಿಯುವುದರಿಂದ ಔಟ್‌ಪುಟ್ ಬಹುಮಟ್ಟಿಗೆ ಸರಿಹೋದಂತೆ ಕಂಡು, ಹಾಡೂ ಕೇಳಿಸುತ್ತದೆ. ಕೇಬಲ್ ಕಳಚಿದೊಡನೆ ಸ್ಪೀಕರ್ ಧಡ್ ಎನ್ನುತ್ತದೆ. ಹೀಗಾಗಿ ಈ ಅಳತೆಯನ್ನು ಕಾರ್ಟ್ರಿಜ್ ಕಳಚಿಯೇ ಮಾಡಬೇಕು.

ಡಿಸಿ ಸರಿಯಿದ್ದೂ ದನಿ ಮರಳು ಬೆರೆತಂತೆ ಒರಟಾಗಿದ್ದು ಐಸಿ ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ ಅದು ಕಿವಿಗೆ ಕೇಳದ ಎತ್ತರದಲ್ಲಿ ಆಸಿಲೇಟ್ ಆಗುತ್ತಿದೆ, ಅಂದರೆ ತಾನಾಗಿಯೇ ಕಂಪಿಸುತ್ತಿದೆ. ಎನ್‌ಇ5532 ಸಹಜವಾಗಿಯೇ ಎಂಟು ಮಿಲಿಆಂಪಿಯರ್‌ನಷ್ಟು ಎಳೆಯುವುದರಿಂದ ಬೆಚ್ಚಗಿರುತ್ತದೆ, ಆದರೆ ಸುಡಬಾರದು. ನಾಲ್ಕು ಮತ್ತು ಎಂಟನೇ ಕಾಲುಗಳಿಗೆ ಆದಷ್ಟು ಹತ್ತಿರದಲ್ಲಿ 100 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಇದೆಯೇ, ಔಟ್‌ಪುಟ್‌ನ 100 ಓಮ್ ಬಿಟ್ಟುಹೋಗಿದೆಯೇ ನೋಡಿ. ಎರಡೂ ಇದ್ದು ಬಿಸಿ ಇಳಿಯದಿದ್ದರೆ ಐಸಿಯನ್ನೇ ಅನುಮಾನಿಸಬಹುದು. ತೀರಾ ಅಗ್ಗಕ್ಕೆ ಸಿಗುವ ಐಸಿಗಳಲ್ಲಿ ಹೆಸರು ತಿದ್ದಿ ಅಚ್ಚು ಹಾಕಿದವು ಬರುತ್ತವೆ.

ಹಾಡು ಬರುತ್ತದೆ, ಸ್ವಭಾವ ಸರಿಯಿಲ್ಲ

ಇದು ಬಹುತೇಕ ಕೆಪಾಸಿಟರ್ ಗುರುತು ಓದುವುದರಲ್ಲಿನ ತಪ್ಪು. 22 ನ್ಯಾನೋಗೆ 223, 10 ನ್ಯಾನೋಗೆ 103, 8.2 ನ್ಯಾನೋಗೆ 822, 680 ಪೈಕೋಗೆ 681 ಎಂದು ಬರೆದಿರುತ್ತದೆ. 103ರ ಬದಲು 104 ಕೈಗೆ ಬಂದರೆ ಹತ್ತು ಪಟ್ಟು ವ್ಯತ್ಯಾಸ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಒಂದೇ ಪೊಟ್ಟಣದಲ್ಲಿ ತಂದ ಬಿಡಿಭಾಗಗಳನ್ನು ಬೆಸೆಯುವ ಮೊದಲೇ ಕೆಪಾಸಿಟೆನ್ಸ್ ಅಳೆಯುವ ಮೀಟರ್‌ನಲ್ಲಿ ನೋಡಿ, ಎಡ ಬಲಕ್ಕೆ ಜೋಡಿ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಹಾಡು ಕಿರುಚುತ್ತಾ ತಟ್ಟೆಯ ಚಟಚಟ ಸದ್ದು ವಿಪರೀತ ಮೇಲೆ ಬಂದರೆ 8.2 ನ್ಯಾನೋ ಬೆಸುಗೆ ಬಿಟ್ಟಿದೆ. ಕಂಬಳಿ ಹೊದಿಸಿದಂತೆ ಮಂಕಾಗಿದ್ದರೆ ಅದೇ ಜಾಗದಲ್ಲಿ ದೊಡ್ಡದು ಕೂತಿದೆ. ಒಂದು ಚಾನೆಲ್‌ನಲ್ಲಿ ಮಾತ್ರ ಗಂಡುದನಿ ಮೂರು ಡೆಸಿಬಲ್‌ನಷ್ಟು ಉಬ್ಬಿದ್ದರೆ 22ರ ಜೊತೆಗಿನ 10 ನ್ಯಾನೋ ಸೇರಿಲ್ಲ.

ಕಿವಿಯ ತೀರ್ಪನ್ನು ಅಳತೆಯಿಂದ ದೃಢಪಡಿಸಿಕೊಳ್ಳಬೇಕು. ಮೊಬೈಲ್‌ನ ಟೋನ್ ಆ್ಯಪ್‌ನಿಂದ ಬರುವ ಸಿಗ್ನಲನ್ನು 10 ಕಿಲೋಓಮ್ ಮತ್ತು 100 ಓಮ್ ರೆಸಿಸ್ಟರ್‌ಗಳಿಂದ ನೂರನೇ ಒಂದು ಭಾಗಕ್ಕೆ ಇಳಿಸಿ, ಒಂದೊಂದೇ ಚಾನೆಲ್‌ಗೆ ಕೊಡಿ. ಔಟ್‌ಪುಟ್ 1000 ಹರ್ಟ್ಸ್‌ನಲ್ಲಿ 100 ಮಿಲಿವೋಲ್ಟ್ ಬರುವಂತೆ ವಾಲ್ಯೂಮ್ ಇಟ್ಟು, ಅದನ್ನು ಮುಟ್ಟದೆ ಸ್ವರ ಮಾತ್ರ ಬದಲಿಸಿದರೆ 100 ಹರ್ಟ್ಸ್‌ನಲ್ಲಿ ಸುಮಾರು 450, 50ರಲ್ಲಿ ಸುಮಾರು 700, 10,000ದಲ್ಲಿ ಸುಮಾರು 20 ಮಿಲಿವೋಲ್ಟ್ ಕಾಣಬೇಕು. ಅಗ್ಗದ ಮಲ್ಟಿಮೀಟರ್‌ಗಳು ಸಾವಿರ ಹರ್ಟ್ಸ್ ದಾಟಿದ ಮೇಲೆ ಎಸಿ ವೋಲ್ಟೇಜನ್ನು ಸರಿಯಾಗಿ ತೋರಿಸದಿರಬಹುದು, ಆದ್ದರಿಂದ ಮೇಲಿನ ಸ್ವರಗಳಲ್ಲಿ ಅಂಕಿಗಿಂತ ಎಡ ಬಲಗಳ ಹೋಲಿಕೆಯನ್ನೇ ನಂಬಿ.

ಉಳಿದ ಕೆಲವು ಸದ್ದುಗಳು

ಹಾಡಿನ ಹಿಂದೆ ಆಕಾಶವಾಣಿ ಕೇಳಿಸಿದರೆ ಕೇಬಲ್ ಆಂಟೆನಾದಂತೆ ವರ್ತಿಸುತ್ತಿದೆ. ಇನ್‌ಪುಟ್ ತಂತಿಗೆ ಒಂದು ಫೆರೈಟ್ ಮಣಿ, ಸಾಕೆಟ್‌ನಲ್ಲೇ ಗ್ರೌಂಡಿಗೆ 100 ಪೈಕೋಫ್ಯಾರಡ್ ಸಾಕು. ವಾಲ್ಯೂಮ್ ಏರಿಸಿದಂತೆ ಊಳಿಡುವ ಸದ್ದು ಸೂಜಿ ಎತ್ತಿದೊಡನೆ ನಿಂತರೆ ಸ್ಪೀಕರ್‌ನ ಕಂಪನ ಸೂಜಿಗೆ ತಲುಪುತ್ತಿದೆ, ಟರ್ನ್‌ಟೇಬಲ್ ಬೇರೆ ಮೇಜಿಗೆ ಹೋಗಬೇಕು. ಸದ್ದಿಲ್ಲದೆ ಸ್ಪೀಕರ್‌ನ ಕೋನ್ ಮಾತ್ರ ನಿಧಾನವಾಗಿ ಒಳಗೆ ಹೊರಗೆ ತೂಗುತ್ತಿದ್ದರೆ ತಟ್ಟೆ ಸೊಟ್ಟಗಿದೆ. 33⅓ ಸುತ್ತಿನ ತಟ್ಟೆಯಲ್ಲಿ ಅದು ಎರಡು ಸೆಕೆಂಡಿಗೆ ಒಮ್ಮೆಗಿಂತ ತುಸು ಬೇಗ ಬರುತ್ತದೆ. ಆಗ 470 ಮೈಕ್ರೋಫ್ಯಾರಡ್ ಬದಲು 220 ಹಾಕಿದರೆ ತೂಗಾಟ ಸ್ವಲ್ಪ ತಗ್ಗುತ್ತದೆ.